ಮೈಕಮ್ಮನ ಗಂಟಲು

ಬಸ್ ನಿಲ್ದಾಣದ ಮಹಡಿಯ ಮೇಲೆ, ಮೆಟ್ಟಿಲಿಗೆ ಅಂಟಿಕೊಂಡಂತೆ ಒಂದು ಗಾಜಿನ ಗೂಡಿದೆ. ಇಬ್ಬರು ಕೂತರೆ ಮೂರನೆಯವರು ಉಸಿರು ಬಿಗಿಹಿಡಿದು ನಿಲ್ಲಬೇಕು, ಅಷ್ಟೇ ಜಾಗ. ಒಂದು ಮೇಜು, ಕತ್ತು ಬಗ್ಗಿಸಿಕೊಂಡ ಒಂದು ಮೈಕು, ಬಸ್ಸುಗಳ ವೇಳೆ ಬರೆದ ಉದ್ದನೆಯ ಪುಸ್ತಕ, ಬಿಸಿ ಉಪ್ಪುನೀರಿನ ಒಂದು ಫ್ಲಾಸ್ಕು. ಇಪ್ಪತ್ತಾರು ವರ್ಷದಿಂದ ಅಲ್ಲಿ ಕೂತು, ಯಾವ ಬಸ್ಸು ಎಷ್ಟನೆಯ ಪ್ಲಾಟ್‌ಫಾರಂಗೆ ಬರುತ್ತದೆ, ಯಾವುದು ತಡ, ಯಾವುದು ಬರುವುದೇ ಇಲ್ಲ ಎಂದು ಹೇಳುವವಳೇ ಮೈಕಮ್ಮ. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ.

ಮೈಕಿನ ಮುಂದೆ ಕೂತವರೆಲ್ಲ ಅನೌನ್ಸರ್ ಆಗುವುದಿಲ್ಲ, ಅದಕ್ಕೂ ಒಂದು ಕಸುಬಿದೆ ಎಂದು ಅವಳು ಹೇಳುತ್ತಿದ್ದಳು. ಯಾವ ಮಾತನ್ನಾದರೂ ಮೂರು ಸಲ ಹೇಳಬೇಕು. ಮೊದಲನೆಯದು ಕಿವಿಗೆ, ಎರಡನೆಯದು ತಲೆಗೆ, ಮೂರನೆಯದು ಕಾಲಿಗೆ. ಯಾರದಾದರೂ ಚೀಲ ಬಿದ್ದರೆ, ಮಗು ತಪ್ಪಿಸಿಕೊಂಡರೆ, ಗಾಜಿನಿಂದ ಕೆಳಗೆ ನೋಡಿ ಬಟ್ಟೆಯ ಬಣ್ಣ ಹಿಡಿದು ಕೂಗಬೇಕು. 'ಹಸಿರು ಕೊಡೆ ಹಿಡಿದವರ ಗಮನಕ್ಕೆ' ಎಂದರೆ ಹಸಿರು ಕೊಡೆ ಹಿಡಿದವರು ನಿಂತಲ್ಲೇ ನಿಲ್ಲುತ್ತಾರೆ. ಹೆಸರು ಹಿಡಿದು ಕರೆದರೆ ಒಂದೇ ಹೆಸರಿನ ಹತ್ತು ಜನ ಓಡಿಬರುತ್ತಾರೆ, ಬೇಕಾದವರು ಮಾತ್ರ ಬರುವುದಿಲ್ಲ. ಇನ್ನು ಗಂಟಲು ನೋವೆಂದರೆ ಆ ಕಸುಬಿನ ಬಾಲ. ತಿಂಗಳಿಗೊಮ್ಮೆ ಬರುತ್ತದೆ, ಉಪ್ಪುನೀರು ಕಂಡರೆ ಹೋಗುತ್ತದೆ. ಗಂಟಲು ನೋವೆಂದು ಅವಳು ಒಂದು ದಿನವೂ ರಜೆ ಹಾಕಿದವಳಲ್ಲ.

ಆ ಧ್ವನಿಗೆ ಮನೆಯಲ್ಲೂ ಕೆಲಸವಿತ್ತು. ಗಂಡ ತಗಡಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸುತ್ತಿಗೆ ಹಿಡಿದು ಕಿವಿ ಕಳೆದುಕೊಂಡವನು. ಮಗಳು ಕಿವಿಯ ಯಂತ್ರ ತಂದುಕೊಟ್ಟರೆ, "ಇದರಲ್ಲಿ ಎಲ್ಲರೂ ತಗಡಿನ ಹಾಗೇ ಕೇಳಿಸ್ತಾರೆ" ಎಂದು ಪೆಟ್ಟಿಗೆಗೆ ಹಾಕಿದ್ದ. ಲೋಕದ ಮಾತೆಲ್ಲ ಅವನಿಗೆ ಗೋಡೆಯಾಚೆಯ ಗುಸುಗುಸು. ಎದೆಯಿಂದ ಎತ್ತಿ ಆಡುವ ಹೆಂಡತಿಯ ಮಾತೊಂದು ಮಾತ್ರ ಯಂತ್ರವಿಲ್ಲದೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹಾಗಾಗಿ ಅವರ ಮನೆಯ ಗುಟ್ಟುಗಳು ಬೀದಿಗೆಲ್ಲ ಬಾಯಿಪಾಠವಾಗಿದ್ದವು. ಇವತ್ತು ಏನು ಅಡುಗೆ, ಯಾರ ಮೇಲೆ ಕೋಪ, ಎಲ್ಲವೂ ಅಕ್ಕಪಕ್ಕದವರಿಗೆ ತಿಳಿಯುತ್ತಿತ್ತು. ಇಬ್ಬರಿಗೂ ಅದರ ಬಗ್ಗೆ ನಾಚಿಕೆ ಇರಲಿಲ್ಲ.

ಐವತ್ತಮೂರನೆಯ ವಯಸ್ಸಿನಲ್ಲಿ ಮೈಕಮ್ಮನ ಮೈ ಇಳಿಯತೊಡಗಿತು. ಎರಡರಷ್ಟು ಉಣ್ಣುತ್ತಿದ್ದಳು, ಅರ್ಧದಷ್ಟಾಗುತ್ತಿದ್ದಳು. ಪುಸ್ತಕದಲ್ಲಿ ಬಸ್ಸಿನ ವೇಳೆ ಬರೆಯಹೋದರೆ ಅಕ್ಷರಗಳು ಚೆದುರಿದ ಇರುವೆ ಸಾಲಿನಂತೆ ಎತ್ತೆತ್ತಲೋ ಹೋಗುತ್ತಿದ್ದವು. ಫ್ಯಾನಿನ ಕೆಳಗೆ ಕೂತರೂ ಬೆವರು. ಸುಮ್ಮನೆ ಕೂತಿದ್ದಾಗಲೂ ಮೆಟ್ಟಿಲು ಹತ್ತಿ ಬಂದವಳಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಇದನ್ನೆಲ್ಲ ಅವಳು ವಯಸ್ಸಿನ ಲೆಕ್ಕಕ್ಕೆ ಹಾಕಿದಳು. ಒಂದು ಮಧ್ಯಾಹ್ನ ನಿಲ್ದಾಣದ ಕಂಟ್ರೋಲರ್ ಏದುಸಿರು ಬಿಡುತ್ತಾ ಮೇಲೆ ಹತ್ತಿಬಂದ.

"ಏನ್ ಮೈಕಮ್ಮಾ, ನೀವೇ ಬಸ್ಸು ಹಿಡಿಯೋ ಅವಸರದಲ್ಲಿದ್ದೀರಾ? ಮೂರು ಸಲ ಹೇಳೋದನ್ನ ಒಂದು ಸಲಕ್ಕೆ ಮುಗಿಸ್ತಿದ್ದೀರಿ. ಕೆಳಗೆ ಜನ ಮುಖ ಮುಖ ನೋಡ್ಕೊಳ್ತಿದ್ದಾರೆ."

ಮೈಕಮ್ಮ ಫ್ಲಾಸ್ಕಿನ ಮುಚ್ಚಳ ಎತ್ತಿ ಗೋಡೆಗೆ ಎಸೆದಳು. ಆಮೇಲೆ ಮೇಜಿಗೆ ತಲೆಯಿಟ್ಟು ಅತ್ತಳು. ಇಪ್ಪತ್ತಾರು ವರ್ಷದಲ್ಲಿ ಅವಳ ಅಳು ನೋಡಿರದ ಕಂಟ್ರೋಲರ್, ಬಂದ ದಾರಿಗೆ ಸುಂಕವಿಲ್ಲವೆಂದು ಇಳಿದುಹೋದ. ಇಳಿದವನು ಸುಮ್ಮನಿರಲಿಲ್ಲ, ಅವಳ ಮಗಳಿಗೆ ಫೋನ್ ಮಾಡಿದ. ಇದು ಅವನು ಜೀವಮಾನದಲ್ಲಿ ಸರಿಯಾದ ಹೊತ್ತಿಗೆ ಮಾಡಿದ ಒಂದೇ ಕೆಲಸ ಎಂದು ಮೈಕಮ್ಮ ಆಮೇಲೆ ಹೇಳಿದಳು.

ಮಗಳು ಪ್ರಾಥಮಿಕ ಶಾಲೆಯ ಟೀಚರು. ತಾಯಿಯನ್ನು ಕೈಹಿಡಿದು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ಕತ್ತಿನ ಮುಂಭಾಗವನ್ನು ಎರಡೂ ಕೈಯಿಂದ ಮುಟ್ಟಿ ನೋಡಿದರು. ರಕ್ತ ತೆಗೆಸಿದರು. ಸ್ವಲ್ಪ ಉಬ್ಬಿದ್ದ ಕಣ್ಣುಗಳನ್ನು ಪಕ್ಕದಿಂದ ದಿಟ್ಟಿಸಿದರು. ವರದಿ ಬಂದ ದಿನ ಹೇಳಿದರು:

"ನಿಮಗೆ ಅರ್ಥವಾಗೋ ಹಾಗೆ ಹೇಳ್ತೀನಮ್ಮ. ನಿಮ್ಮ ಮೈ ಅನ್ನೋ ಬಸ್ಸಲ್ಲಿ ಆಕ್ಸಿಲರೇಟರ್ ಸಿಕ್ಕಿಹಾಕ್ಕೊಂಡಿದೆ. ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡ್ತಿದೆ. ಹೀಗೇ ಬಿಟ್ರೆ ಹೃದಯ ಕೈಕೊಡುತ್ತೆ. ಬಿಡೋ ಹಾಗಿಲ್ಲ. ಮೂರು ದಾರಿ ಇದೆ."

ಮೊದಲನೆಯದು ಮಾತ್ರೆ. ಗ್ರಂಥಿ ಇದ್ದಲ್ಲೇ ಇರುತ್ತದೆ, ಮಾತ್ರೆ ಅದರ ಕೈ ಕಟ್ಟಿಹಾಕುತ್ತದೆ. ಒಂದೂವರೆ ವರ್ಷ ನುಂಗಬೇಕು. ನಿಲ್ಲಿಸಿದ ಮೇಲೆ ಹೆಚ್ಚುಕಡಿಮೆ ಅರ್ಧ ಜನಕ್ಕೆ ಕಾಯಿಲೆ ಮರಳುತ್ತದೆ. ಎರಡನೆಯದು ವಿಕಿರಣದ ಅಯೋಡಿನ್. ಒಂದು ಕ್ಯಾಪ್ಸೂಲು, ಒಂದೇ ಸಲ. ಗ್ರಂಥಿಯ ಒಳಹೊಕ್ಕು ಅದನ್ನು ಕೆಲವು ತಿಂಗಳಲ್ಲಿ ಸುಟ್ಟು ಮುಗಿಸುತ್ತದೆ. ಕೆಲವು ದಿನ ಚಿಕ್ಕ ಮಕ್ಕಳನ್ನೂ ಬಸುರಿಯರನ್ನೂ ಹತ್ತಿರ ಸೇರಿಸುವಂತಿಲ್ಲ. ಕಣ್ಣು ಉಬ್ಬಿದವರಿಗೆ ಉಬ್ಬು ಹೆಚ್ಚಬಹುದು. ಮೂರನೆಯದು ಕತ್ತಿ. ಗ್ರಂಥಿಯನ್ನೇ ತೆಗೆದುಬಿಡುವುದು, ಬೇಗ ಮುಗಿಯುತ್ತದೆ. ಆದರೆ ಧ್ವನಿಯ ನರಗಳು ಅದರ ಬೆನ್ನಿಗೇ ಹಾದುಹೋಗಿವೆ. ಕೊನೆಯ ಎರಡರಲ್ಲಿ ಯಾವುದಾದರೂ ಸರಿ, ಆಮೇಲೆ ಬದುಕಿರುವಷ್ಟು ದಿನ ಬೆಳಗ್ಗೆ ಒಂದು ಸಣ್ಣ ಮಾತ್ರೆ ತಪ್ಪಿದ್ದಲ್ಲ.

ಮಗಳು ಟೀಚರಲ್ಲವೇ? ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ, ಸ್ಕೇಲಿಟ್ಟು ಗೆರೆ ಎಳೆದು, ಮೂರು ದಾರಿಗೂ ಒಂದೊಂದು ಅಂಕಣ ಮಾಡಿ, ಒಳ್ಳೆಯದು ಕೆಟ್ಟದ್ದು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಇನ್ನು ಸಲಹೆಗೆ ಬರವೇ? ಬಾಯಿಗೊಂದು ಮಾತು. ಪಕ್ಕದ ಮನೆಯಾಕೆ ವಿಕಿರಣ ನುಂಗಿದರೆ ಮೈಯೆಲ್ಲ ದೀಪದಂತೆ ಹೊಳೆಯುತ್ತದೆ ಎಂದಳು. ಒಬ್ಬ ಕಂಡಕ್ಟರು ತನ್ನ ದೊಡ್ಡಮ್ಮ ಆಪರೇಷನ್ ಆದ ಮೇಲೆ ಕಪ್ಪೆಯ ಹಾಗೆ ಮಾತಾಡುತ್ತಾಳೆ ಎಂದ. ಆಪರೇಷನ್ ಆಗಿದ್ದು ಕತ್ತಿಗೋ ಎಂದು ಕೇಳಿದರೆ, ಅಲ್ಲ, ಹೊಟ್ಟೆಗೆ ಎಂದ. ಆದರೂ ಕಪ್ಪೆ ಮೈಕಮ್ಮನ ತಲೆಯೊಳಗೆ ಕೂತಾಗಿತ್ತು.

ಅವಳು ಹಾಳೆಯ ಮುಂದೆ ನಿಂತು ಮೊದಲ ಅಂಕಣದ ಮೇಲೆ ಬೆರಳಿಟ್ಟಳು. ಮಾತ್ರೆ ಧ್ವನಿಯ ತಂಟೆಗೆ ಬರುವುದಿಲ್ಲ. ಮಗಳ ಎರಡು ವರ್ಷದ ಕೂಸನ್ನು ದೂರವಿಡಬೇಕಾಗಿಲ್ಲ. ಅಷ್ಟು ಸಾಕಿತ್ತು ಅವಳಿಗೆ.

ಡಾಕ್ಟರಮ್ಮ ಒಪ್ಪಿದರು. ಚೀಟಿ ಬರೆದು, ಪೆನ್ನು ಕೆಳಗಿಟ್ಟು, ಒಂದು ಮಾತು ಹೇಳಿದರು. "ಇದೊಂದನ್ನ ಮರೀಬೇಡಿ. ಸಾವಿರದಲ್ಲಿ ಎರಡು ಮೂರು ಜನಕ್ಕೆ ಈ ಮಾತ್ರೆ ರಕ್ತದ ಬಿಳಿ ಕಣಗಳನ್ನ ಅಳಿಸಿಬಿಡುತ್ತೆ. ಅದರ ಮೊದಲ ಗುರುತು ಗಂಟಲು ನೋವು, ಜ್ವರ. ಬಂದ್ರೆ ಮಾತ್ರೆ ನಿಲ್ಲಿಸಿ, ಅದೇ ದಿನ ಇಲ್ಲಿ ಬಂದು ರಕ್ತ ಕೊಡಬೇಕು. ನಾಳೆ ನೋಡೋಣ ಅನ್ನೋ ಹಾಗಿಲ್ಲ."

ಮೈಕಮ್ಮ ನಕ್ಕಳು. "ಗಂಟಲು ನೋವು ನನಗೇನು ಹೊಸದೇ ಡಾಕ್ಟ್ರೇ? ಅದು ನನ್ನ ಜೊತೆ ಡ್ಯೂಟಿ ಮಾಡುತ್ತೆ."

ಡಾಕ್ಟರಮ್ಮ ನಗಲಿಲ್ಲ. ಮಗಳು ಮನೆಗೆ ಬಂದವಳೇ ಮೊದಲ ಅಂಕಣದ ಬುಡದಲ್ಲಿ ಕೆಂಪು ಶಾಯಿಯಲ್ಲಿ ಬರೆದಳು: ಗಂಟಲು ನೋವು, ಜ್ವರ ಬಂದರೆ ಮಾತ್ರೆ ಬಿಡು. ಅದೇ ದಿನ ರಕ್ತ ಪರೀಕ್ಷೆ.

ಮಾತ್ರೆ ಕೆಲಸ ಮಾಡಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆರು ವಾರಕ್ಕೆ ಎದೆಬಡಿತ ಹದಕ್ಕೆ ಬಂತು, ಕೈಯ ನಡುಕ ನಿಂತಿತು, ಅಕ್ಷರಗಳು ಸಾಲಿಗೆ ಬಂದವು. ಮೈಕಮ್ಮ ಮತ್ತೆ ಮೂರು ಸಲ, ಬಿಡಿಸಿ ಬಿಡಿಸಿ ಹೇಳತೊಡಗಿದಳು. ಕೆಳಗಿನ ಹಣ್ಣಿನಂಗಡಿಯವನು ಮೇಲೆ ನೋಡಿ ಕೈಮುಗಿದ. ಗಂಡ ಊಟಕ್ಕೆ ಕೂತಾಗ "ಇವತ್ತು ಮಾತು ಚೆನ್ನಾಗಿ ಕೇಳಿಸ್ತಿದೆ ಕಣೇ" ಎಂದ. ಎಲ್ಲ ಸರಿಹೋಯಿತು ಎನ್ನುವಾಗಲೇ ಎಡವಟ್ಟಾಗುವುದು.

ಒಂಬತ್ತನೆಯ ವಾರ ಶಾಲೆಗಳಿಗೆ ರಜೆ ಶುರುವಾಯಿತು. ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ಹೆಚ್ಚುವರಿ ಬಸ್ಸುಗಳು, ತಡವಾದ ಬಸ್ಸುಗಳು, ತಪ್ಪಿಸಿಕೊಂಡ ಮಕ್ಕಳು. ಮೊದಲ ದಿನ ಸಂಜೆ ಮೈಕಮ್ಮನ ಗಂಟಲು ಕೆರೆಯಿತು. ಇಷ್ಟು ಕೂಗಿದರೆ ಕೆರೆಯದೆ ಇರುತ್ತದೆಯೇ ಎಂದು ಉಪ್ಪುನೀರು ಮುಕ್ಕಳಿಸಿದಳು. ಎರಡನೆಯ ದಿನ ಎಂಜಲು ನುಂಗಿದರೆ ಮುಳ್ಳು ನುಂಗಿದಂತೆ. ಮೈ ಕಾದಿತ್ತು. ಜ್ವರದ ಗುಳಿಗೆ ನುಂಗಿದಳು, ಫ್ಲಾಸ್ಕನ್ನು ಎರಡು ಸಲ ತುಂಬಿಸಿದಳು, ಹನ್ನೊಂದು ಗಂಟೆ ಮೈಕಿನ ಮುಂದೆ ಕೂತಳು. ಥೈರಾಯ್ಡಿನ ಮಾತ್ರೆಯನ್ನು ಮಾತ್ರ ಒಂದು ಹೊತ್ತೂ ತಪ್ಪಿಸಲಿಲ್ಲ. ಎಂಥ ವಿಧೇಯ ರೋಗಿ ನೋಡಿ! ಡಾಕ್ಟರಮ್ಮನ ಮಾತು ಅವಳಿಗೆ ನೆನಪಿರಲಿಲ್ಲವೆಂದಲ್ಲ. ಅದು ಬೇರೆಯವರ ಗಂಟಲಿಗೆ ಹೇಳಿದ ಮಾತು ಎಂದುಕೊಂಡಿದ್ದಳು. ದಿನವೂ ಸುಳ್ಳು ಕೂಗುವ ಗಂಟೆ ಒಂದು ದಿನ ನಿಜ ಕೂಗಿದರೆ ನಂಬುವವರು ಯಾರು?

ಮೂರನೆಯ ದಿನ ಬೆಳಗ್ಗೆ ಅಡುಗೆಮನೆಯಲ್ಲಿ ಒಲೆಗೆ ಮುಖಮಾಡಿ ನಿಂತು ಗಂಡನಿಗೆ ಏನೋ ಹೇಳಿದಳು.

"ಏನಂದೆ?" ಎಂದ ಗಂಡ.

ಮತ್ತೆ ಹೇಳಿದಳು.

"ಏನಂದೆ?"

ಮೂರನೆಯ ಸಲವೂ ಅವನಿಗೆ ಕೇಳಿಸಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಹೀಗಾದದ್ದು ಅದೇ ಮೊದಲು. ಅವನು ಎದ್ದುಬಂದು ಹಣೆ ಮುಟ್ಟಿದ. ಬಿಸಿಲಿಗೆ ಬಿದ್ದ ತಗಡಿನಂತೆ ಸುಡುತ್ತಿತ್ತು. ಬಾಯಿ ತೆರೆಸಿ ನೋಡಿದ. ಒಳಗೆ ಬಿಳಿ ಬಿಳಿ ಹುಣ್ಣು. ಅವಳು ಅವನ ಕೈ ತಳ್ಳಿ ಫ್ಲಾಸ್ಕಿನತ್ತ ತಿರುಗಿದಳು. ಅವನು ಹಾಳೆ ಅಂಟಿಸಿದ್ದ ಬಾಗಿಲಿನತ್ತ ತಿರುಗಿದ. ಕಿವಿ ಇಲ್ಲದವನಿಗೆ ಬರೆದದ್ದನ್ನು ಓದುವ ಅಭ್ಯಾಸ ಹೆಚ್ಚು. ಕೆಂಪು ಸಾಲಿನ ಮೇಲೆ ಬೆರಳಾಡಿಸಿ, ಒಂದೊಂದೇ ಅಕ್ಷರ ಓದಿದ.

"ನಡಿ," ಎಂದು ಫ್ಲಾಸ್ಕು ಕಿತ್ತುಕೊಂಡ.

"ರೀ, ಇವತ್ತು ರಶ್ಶು. ನಾನಿಲ್ದಿದ್ರೆ ಕೆಳಗೆ..."

ಅವನಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ನಿಲ್ಲುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತದ ವರದಿ ನೋಡಿದ ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. ಸೋಂಕಿನೊಡನೆ ಹೋರಾಡಬೇಕಾದ ಬಿಳಿ ಕಣಗಳು ಹೆಸರಿಗೂ ಉಳಿದಿರಲಿಲ್ಲ. ಕಾವಲಿಲ್ಲದ ಮನೆಗೆ ಯಾರು ಬೇಕಾದರೂ ನುಗ್ಗಬಹುದು. ಮೈಕಮ್ಮನನ್ನು ಒಂಟಿ ಕೋಣೆಯಲ್ಲಿ ಮಲಗಿಸಿ, ಮಾತ್ರೆ ನಿಲ್ಲಿಸಿ, ಎರಡೂ ಕೈಗೆ ಸೂಜಿ ಚುಚ್ಚಿದರು. ಮುಖ ಮುಚ್ಚಿಕೊಂಡವರಷ್ಟೇ ಒಳಗೆ ಬರಬಹುದಿತ್ತು. ಮೊದಲ ನಾಲ್ಕು ದಿನ ಡಾಕ್ಟರಮ್ಮ ಮಗಳ ಕಣ್ಣು ತಪ್ಪಿಸಿ ಮಾತಾಡಿದರು. ಗಂಡ ಗಾಜಿನಾಚೆ ನಿಂತು ಒಳಗೆ ನೋಡುತ್ತಿದ್ದ. ಐದನೆಯ ದಿನ ಕಣಗಳು ಚೂರುಪಾರು ಕಾಣಿಸಿಕೊಂಡವು. ಹನ್ನೊಂದನೆಯ ದಿನ ಅವಳು ಎದ್ದು ಕೂತಳು.

"ಇನ್ನೊಂದು ದಿನ ಉಪ್ಪುನೀರು ಮುಕ್ಕಳಿಸಿದ್ರೆ ನಾವಿಬ್ರೂ ಹೀಗೆ ಮಾತಾಡ್ತಿರಲಿಲ್ಲಮ್ಮ," ಎಂದರು ಡಾಕ್ಟರಮ್ಮ. "ಈ ಮಾತ್ರೆ ನಿಮಗೆ ಈ ಜನ್ಮಕ್ಕೆ ಮುಗೀತು. ಇದರ ಅಣ್ಣತಮ್ಮಂದಿರಂಥ ಮಾತ್ರೆಗಳೂ ಬೇಡ. ಉಳಿದಿದ್ದು ಎರಡೇ ದಾರಿ, ಅದೂ ಬೇಗ. ಗ್ರಂಥಿ ಮತ್ತೆ ಓಡೋಕೆ ಶುರುಮಾಡಿದೆ."

ಮಗಳು ಹಾಳೆಯ ಮೊದಲ ಅಂಕಣಕ್ಕೆ ಅಡ್ಡಗೆರೆ ಎಳೆದಳು. ಮೈಕಮ್ಮನ ಕಣ್ಣು ಎರಡನೆಯದರ ಮೇಲಿತ್ತು. ಅಷ್ಟರಲ್ಲಿ ಕಣ್ಣೇ ಅಡ್ಡಬಂತು. ಕಾಯಿಲೆಯ ನಡುವೆ ಉಬ್ಬು ಜಾಸ್ತಿಯಾಗಿ, ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಒಂದು ಬಸ್ಸು ಎರಡಾಗಿ ಕಾಣುತ್ತಿತ್ತು. ಕಣ್ಣಿನ ಡಾಕ್ಟರು ಅಳತೆಪಟ್ಟಿ ಹಿಡಿದು ಉಬ್ಬನ್ನು ಅಳೆದು, ಅಯೋಡಿನ್ ಕೊಟ್ಟರೆ ಇದು ಕೆರಳಬಹುದು, ತಡೆಯಲು ಬೇರೆ ಔಷಧಿ ಇದ್ದರೂ ಈ ಕಣ್ಣಿನ ಮೇಲೆ ಆ ಪಣ ಕಟ್ಟುವ ಧೈರ್ಯ ನನಗಿಲ್ಲ ಎಂದರು.

"ಕಣ್ಣಿಗೆ ಕನ್ನಡಕ ಇದೆ," ಎಂದಳು ಮೈಕಮ್ಮ. "ಗಂಟಲಿಗೆ ಏನಿದೆ?"

ಅವಳನ್ನು ಸರ್ಜನ್ ಹತ್ತಿರ ಕಳಿಸಿದರು. ಮೆತ್ತಗೆ ಮಾತಾಡುವ ಮನುಷ್ಯ, ಸುಳ್ಳು ಹೇಳುವವನಲ್ಲ. ಕಾಗದದ ಮೇಲೆ ಗಂಟಲು ಬರೆದು ಎರಡು ಗೆರೆ ಎಳೆದ. ಒಂದು ನರ ಮಾತಿಗೆ, ಇನ್ನೊಂದು ಧ್ವನಿ ಎತ್ತರಿಸಿ ಕೂಗುವುದಕ್ಕೆ. ಎರಡನ್ನೂ ಯಂತ್ರವಿಟ್ಟು ಕಾಯುತ್ತೇನೆ, ಆದರೂ ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಧ್ವನಿ ಶಾಶ್ವತವಾಗಿ ಕೆಡುವುದುಂಟು, ಇನ್ನೂ ಕೆಲವರಿಗೆ ಕೆಲವು ತಿಂಗಳ ಮಟ್ಟಿಗೆ ಎಂದ.

"ನೂರರಲ್ಲಿ ಒಂದು ತುಂಬಾ ಕಮ್ಮಿ ಅಲ್ವಾಮ್ಮ?" ಎಂದಳು ಮಗಳು.

"ನಮ್ಮ ನಿಲ್ದಾಣಕ್ಕೆ ದಿನಾ ಸಾವಿರಾರು ಮಕ್ಕಳು ಬರ್ತಾರೆ," ಎಂದಳು ಮೈಕಮ್ಮ. "ಕಳೆದುಹೋಗೋದು ಒಂದೇ ಒಂದು. ಅದರ ತಾಯಿ ಮುಖ ನೀನು ನೋಡಿಲ್ಲ. ನಾನು ನೋಡಿದ್ದೀನಿ. ಅವಳಿಗೆ ಅದು ನೂರಕ್ಕೆ ನೂರು."

ಮನೆಯಲ್ಲಿ ಎರಡು ದಿನ ಯುದ್ಧ ನಡೆಯಿತು. ಅತ್ತ ದರಿ, ಇತ್ತ ಪುಲಿ. ಕಣ್ಣು ಮಂಜಾದರೆ ಗಾಜಿನಿಂದ ಕೆಳಗೆ ಬಣ್ಣ ಗುರುತಿಸುವುದು ಹೇಗೆ? ಧ್ವನಿ ಹೋದರೆ ಗುರುತಿಸಿ ತಾನೇ ಏನು ಪ್ರಯೋಜನ? ಅವಳು ಹಾಳೆಯ ಮುಂದೆ ಹೋಗುತ್ತಾಳೆ, ಬರುತ್ತಾಳೆ. ಗ್ರಂಥಿ ಮತ್ತೆ ಎದೆಯನ್ನು ದಡದಡ ಓಡಿಸುತ್ತಿದೆ, ಕೈ ಮತ್ತೆ ನಡುಗುತ್ತಿದೆ. ಎರಡನೆಯ ಸಂಜೆ ಗಂಡ ಬಾಯಿ ಬಿಟ್ಟ.

"ಆಪರೇಷನ್ ಮಾಡಿಸ್ಕೋ. ನಿನ್ನ ಧ್ವನಿ ಹೋದ್ರೂ ನನಗೇನೂ ಆಗಲ್ಲ ಕಣೇ. ಕಾರ್ಖಾನೇಲಿ ಮೂವತ್ತು ವರ್ಷ ತುಟಿ ನೋಡೇ ಮಾತು ತಿಳ್ಕೊಂಡಿದ್ದೀನಿ. ನಿಂದೂ ಹಾಗೇ ತಿಳ್ಕೋತೀನಿ. ಮೊದಲು ಕಣ್ಣು ಉಳಿಸ್ಕೋ, ಜೀವ ಉಳಿಸ್ಕೋ."

ಅವನು ಧೈರ್ಯ ಹೇಳಲು ಹೊರಟಿದ್ದ. ಅವಳಿಗೆ ಕೆನ್ನೆಗೆ ಬಾರಿಸಿದಂತಾಯಿತು. ಇಪ್ಪತ್ತೊಂಬತ್ತು ವರ್ಷ ಇವನೊಬ್ಬನಿಗೆ ಕೇಳಿಸಲೆಂದು ಎದೆ ಹರಿಯುವಂತೆ ಮಾತಾಡಿದ್ದು ಹಾಗಾದರೆ ಯಾವ ಸುಖಕ್ಕೆ? ಇರಲೂಬಹುದು, ಇರದಿರಲೂಬಹುದು ಎನ್ನುವ ವಸ್ತುವೇ ಅದು? ಮರುದಿನ ಆಸ್ಪತ್ರೆಗೆ ಹೋಗಿ ಒಪ್ಪಿಗೆ ಪತ್ರಕ್ಕೆ ರುಜು ಹಾಕಿದಳು. ತಿಳಿದವರು ಅದನ್ನು ಧೈರ್ಯ ಎಂದರು. ಅದು ಶುದ್ಧ ಸಿಟ್ಟಾಗಿತ್ತು.

ಗ್ರಂಥಿ ತಣ್ಣಗಾಗಲೆಂದು ಹತ್ತು ದಿನ ನೀರಿಗೆ ವಿಕಿರಣವಿಲ್ಲದ ಸಾದಾ ಅಯೋಡಿನ್ ಹನಿ ಹಾಕಿ ಕುಡಿಸಿದರು, ಎದೆಬಡಿತ ತಗ್ಗಿಸುವ ಮಾತ್ರೆ ಕೊಟ್ಟರು. ಆಮೇಲೆ ಆಪರೇಷನ್. ಎಚ್ಚರವಾದಾಗ ಕತ್ತಿಗೆ ಪಟ್ಟಿ, ಬಾಯಲ್ಲಿ ಒಗರು. ಸರ್ಜನ್ ಬಗ್ಗಿ ನಿಂತಿದ್ದ.

"ಎಲ್ಲ ಚೆನ್ನಾಗಿ ಆಯ್ತಮ್ಮ. ಒಂದು ಸಲ ಕೆಮ್ಮಿ."

ಕೆಮ್ಮಿದಳು.

"ಒಂದು ಮಾತಾಡಿ ನೋಡೋಣ."

ಮೈಕಮ್ಮ ತುಟಿ ಬಿಗಿದಳು.

ಅವತ್ತು ಮಾತಾಡಲಿಲ್ಲ. ಮರುದಿನವೂ ಇಲ್ಲ. ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡುತ್ತೇವೆ ಎಂದರೆ ತಲೆ ಅಡ್ಡಡ್ಡ ಆಡಿಸಿದಳು. ಬಿಚ್ಚದ ಗಂಟಿನಲ್ಲಿ ಏನು ಬೇಕಾದರೂ ಇರಬಹುದು. ಬಿಚ್ಚಿದ ಮೇಲೆ ಇರುವುದಷ್ಟೇ. ಮಾತಾಡದಿರುವಷ್ಟು ಹೊತ್ತು ತನ್ನ ಧ್ವನಿ ತನ್ನಲ್ಲೇ ಇದೆ ಎಂಬ ಹಟ. ಸರ್ಜನ್ ನಿಟ್ಟುಸಿರಿಟ್ಟು, ವಾರ ಬಿಟ್ಟು ಬನ್ನಿ, ಅವತ್ತು ಮಾತ್ರ ಬಿಡುವುದಿಲ್ಲ ಎಂದು ಮನೆಗೆ ಕಳಿಸಿದ.

ಮನೆಯಲ್ಲಿ ಮೊಮ್ಮಗುವಿನ ಸ್ಲೇಟು ಅವಳ ಬಾಯಿಯಾಯಿತು. ಊಟ, ನೀರು, ಮಾತ್ರೆ, ಎಲ್ಲ ಬಳಪದಲ್ಲಿ. ಪಕ್ಕದ ಮನೆಯಾಕೆ ಎರಡು ಸಲ ಕಿಟಕಿಯಲ್ಲಿ ಇಣುಕಿ, "ಊರಿಗೆ ಹೋಗಿದ್ದೀರೇನೋ ಅಂದ್ಕೊಂಡೆ" ಎಂದಳು. ಮಗಳು ಬೇಡಿಕೊಂಡಳು, ಗದರಿದಳು, ಕೊನೆಗೆ ಹಿತ್ತಲಿಗೆ ಹೋಗಿ ಅತ್ತಳು. ಐದನೆಯ ದಿನ ಗಂಡ ಪೆಟ್ಟಿಗೆಯಿಂದ ಕಿವಿಯ ಯಂತ್ರ ತೆಗೆದು ಹಾಕಿಕೊಂಡು, ಅವಳು ತರಕಾರಿ ಹೆಚ್ಚುತ್ತಿದ್ದ ಕಡೆ ಮೊಣಕಾಲಿಗೆ ಕೈಯೂರಿ ಬಹಳ ಹೊತ್ತು ಕೂತಿದ್ದ. ಅವಳು ಸ್ಲೇಟಿನಲ್ಲಿ 'ಯಾಕೆ?' ಎಂದು ಬರೆದಳು.

"ಏನಿಲ್ಲ. ಫ್ಯಾನ್ ಮಾತ್ರ ಕೇಳಿಸುತ್ತೆ," ಎಂದು ಬಿಚ್ಚಿ ಮತ್ತೆ ಪೆಟ್ಟಿಗೆಗೆ ಹಾಕಿದ.

ವಾರ ತುಂಬಿದ ದಿನ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಥೈರಾಯ್ಡಿನವರೆಲ್ಲ ಬರುವ ದಿನ; ಜನವೋ ಜನ. ಅಂಗೈಯಲ್ಲಿ ಟೋಕನ್ನು ಬೆವರುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಗಂಟು ಬಿಚ್ಚುತ್ತಾರೆ. ಗಂಡ ಅಷ್ಟು ದೂರದಲ್ಲಿ, ಪಡಸಾಲೆಯ ಕೊನೆಯ ಔಷಧಿ ಕೊಡುವ ಕಿಟಕಿಗೆ ಮುಖಮಾಡಿ ಸಾಲಿನಲ್ಲಿ ನಿಂತಿದ್ದ. ಮುಂದಿನ ಬೆಂಚಿನಲ್ಲಿ ಕಿತ್ತಳೆ ಬಣ್ಣದ ಅಂಗಿಯ ಒಬ್ಬ ಲಾರಿ ಡ್ರೈವರು ಕೂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. ಅವನ ಕಿಸೆಯಿಂದ ಮಾತ್ರೆಯ ಸ್ಟ್ರಿಪ್ಪೊಂದು ಇಣುಕುತ್ತಿತ್ತು. ಒಂಬತ್ತು ವಾರ ಎರಡು ಹೊತ್ತು ಬಿಡಿಸಿ ನುಂಗಿದ ಅದೇ ಮಾತ್ರೆ. ಮೈಕಮ್ಮನಿಗೆ ಅದರ ಗುರುತು ತಪ್ಪೀತೇ?

"ಇಲ್ಲಣ್ಣ, ನನ್ನ ನಂಬರ್ ಬರೋಕೆ ಇನ್ನೂ ಎರಡು ಗಂಟೆ ಆಗುತ್ತೆ. ಲೋಡ್ ಕಾಯ್ತಿದೆ, ಹೊರಡ್ತೀನಿ. ಮುಂದಿನ ವಾರ ಬಂದ್ರಾಯ್ತು... ಹ್ಞೂ, ಗಂಟಲು ಹುಣ್ಣಾದ ಹಾಗಿದೆ, ಮೈ ಬಿಸಿ. ರಸ್ತೆ ಧೂಳು, ಇನ್ನೇನು? ಹೋಗ್ತಾ ದಾರೀಲಿ ಉಪ್ಪುನೀರು ಮುಕ್ಕಳಿಸಿದ್ರೆ ಸರಿಹೋಗುತ್ತೆ."

ಅವನು ಎದ್ದು ನಡೆದ.

ಮೈಕಮ್ಮ ಧಡಕ್ಕನೆ ಎದ್ದಳು. ಕೈ ಬೀಸಿದಳು, ಅವನು ಬೆನ್ನು ಹಾಕಿದ್ದ. ಸ್ಲೇಟು ಚೀಲದಲ್ಲಿತ್ತು. ತೆಗೆದರೂ ಬೆನ್ನಿಗೆ ಓದಲು ಬರುತ್ತದೆಯೇ? ಬೆನ್ನಟ್ಟೋಣವೆಂದರೆ ಎದುರಿಗೆ ಗಾಲಿಕುರ್ಚಿ, ಅದರ ಹಿಂದೆ ಒಂದು ಇಡೀ ಸಂಸಾರ. ಕಿತ್ತಳೆ ಅಂಗಿ ಜನರ ನಡುವೆ ತೂರಿ ಬಾಗಿಲು ಮುಟ್ಟುತ್ತಿತ್ತು. ಆ ಬಾಗಿಲು ದಾಟಿದರೆ ಅವನು ಲಾರಿ ಹತ್ತುತ್ತಾನೆ, ಸಂಜೆಯ ಮಾತ್ರೆಯನ್ನೂ ತಪ್ಪದೆ ನುಂಗುತ್ತಾನೆ. ಅವನು ಎಂಥ ವಿಧೇಯನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅವಳು ಬಾಯಿ ತೆರೆದಳು. ಬರೀ ಗಾಳಿ ಬಂತು.

ಎರಡನೆಯ ಸಲ ತುಕ್ಕು ಹಿಡಿದ ಬಾಗಿಲಿನ ಸದ್ದು. ಹತ್ತಿರ ಕೂತವರು ತಿರುಗಿ ನೋಡಿದರು.

ಮೂರನೆಯ ಸಲ ಹೊಲಿಗೆಯ ಮೇಲೆ ಅಂಗೈ ಒತ್ತಿಹಿಡಿದು, ಹೊಟ್ಟೆಯಿಂದ ಉಸಿರೆತ್ತಿ ಕೂಗಿದಳು.

"ಕಿತ್ತಳೆ ಅಂಗಿ ಹಾಕಿದವರ ಗಮನಕ್ಕೆ! ಹೊರಗೆ ಹೋಗಬೇಡಿ! ಆ ಮಾತ್ರೆ ನುಂಗಬೇಡಿ! ಈಗಲೇ ರಕ್ತ ಪರೀಕ್ಷೆ ಮಾಡಿಸಿ!"

ಪಡಸಾಲೆಯೆಲ್ಲ ನಿಂತುಬಿಟ್ಟಿತು. ಕಿತ್ತಳೆ ಅಂಗಿಯವನು ಬಾಗಿಲಿಗೆ ಕೈಹಾಕಿದವನು ತನ್ನ ಎದೆ ನೋಡಿಕೊಂಡು, ತಾನೇ ಹೌದೆಂದು ಖಚಿತಪಡಿಸಿಕೊಂಡು, ತಿರುಗಿದ. ಮೈಕಮ್ಮ ಅದನ್ನೇ ಇನ್ನೂ ಎರಡು ಸಲ ಹೇಳಿದಳು. ಅಭ್ಯಾಸ, ಬಿಡುವುದು ಹೇಗೆ? ನರ್ಸೊಬ್ಬಳು ಓಡಿಹೋಗಿ ಅವನ ಹಣೆ ಮುಟ್ಟಿ, ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.

ಆಗ ಅವಳು ಔಷಧಿಯ ಕಿಟಕಿಯತ್ತ ನೋಡಿದಳು. ಗಂಡ ಸಾಲು ಬಿಟ್ಟು ಇತ್ತ ತಿರುಗಿ ನಿಂತಿದ್ದ. ಹಿಂದಿನವರು ತಳ್ಳುತ್ತಿದ್ದರು, ಅವನಿಗೆ ಪರಿವೆಯಿರಲಿಲ್ಲ.

ಸರ್ಜನ್ ಕೋಣೆಯಿಂದ ಹೊರಬಂದು "ಯಾರದು ಕೂಗಿದ್ದು?" ಎಂದ. ಉತ್ತರ ಬೇಕಿರಲಿಲ್ಲ. ಅವಳನ್ನು ಒಳಗೆ ಕೂರಿಸಿ ಗಂಟಲಿಗೆ ಕ್ಯಾಮೆರಾ ಇಳಿಸಿದ. ಒಂದು ಧ್ವನಿತಂತು ಸರಿಯಾಗಿದೆ, ಇನ್ನೊಂದು ಇನ್ನೂ ಸೋಮಾರಿಯಾಗಿದೆ, ತಿಂಗಳುಗಳಲ್ಲಿ ಏಳಬಹುದು, ಏಳದೆಯೂ ಇರಬಹುದು ಎಂದ. ಮೇಲಿನ ಸ್ವರ ಹರಿದಿತ್ತು, ಕೆಳಗೆ ಮರಳು ಕಲಸಿದಂತೆ ಕರಕರ. ಮೈಕಮ್ಮ ಕೇಳಿಕೊಂಡಳು. ಹೆದರಿದಷ್ಟು ನೋವಾಗಲಿಲ್ಲ. ಹೊರಬರುವಷ್ಟರಲ್ಲಿ ಡ್ರೈವರನ ರಕ್ತದ ವರದಿ ಬಂದಿತ್ತು. ಬಿಳಿ ಕಣಗಳು ತಳ ಕಾಣುತ್ತಿದ್ದವು. ಅವನನ್ನು ಒಂಟಿ ಕೋಣೆಗೆ ಸೇರಿಸುತ್ತಿದ್ದರು.

ಗಂಡ ಬೆಂಚಿನಲ್ಲಿ ಕೂತಿದ್ದ. ಕೈ ಬರಿದಾಗಿತ್ತು. ಔಷಧಿ ತಂದೇ ಇರಲಿಲ್ಲ. ಅವಳು ಪಕ್ಕದಲ್ಲಿ ಕೂತು ಅವನ ಕಡೆ ತಿರುಗಿದಳು. ತುಟಿ ಕಾಣಲಿ ಎಂದು ಮುಖ ಎದುರಿಗೆ ತಂದು ನಿಧಾನವಾಗಿ ಹೇಳಿದಳು:

"ಹೀಗಾಗಿದೆ ನೋಡಿ ನನ್ನ ಧ್ವನಿ. ಪರವಾಗಿಲ್ಲ. ನಿಮಗೆ ತುಟಿ ಸಾಕಲ್ಲ."

ಅವನು ಕಣ್ಣು ಮುಚ್ಚಿಕೊಂಡ.

"ಇನ್ನೊಂದು ಸಲ ಹೇಳು," ಎಂದ.

"ಯಾಕೆ, ಕೇಳಿಸಲಿಲ್ವಾ?"

"ಕೇಳಿಸ್ತು," ಎಂದ ಗಂಡ, ಕಣ್ಣು ತೆರೆಯದೆ. "ಆದ್ರೂ ಹೇಳು."